ನಿಮಗಿದು ಗೊತ್ತೇ? ರೈಲಿನವರೇ ಹಡಗೂ ಓಡಿಸುತ್ತಿದ್ದರು!

● ಮುಂಬೈಯ ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1853ರ ಏಪ್ರಿಲ್ 16ರಂದು. ಅದಕ್ಕೂ 23 ವರ್ಷ ಮೊದಲೇ, 1830ರ ಮಾರ್ಚ್ 20ರಂದು, ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಮುಂಬೈಯಿಂದ ಸೂಯೆಜ್‌ಗೆ ಹೊರಟಿತ್ತು. ಅದನ್ನು ಕಟ್ಟಿದವರು ಮುಂಬೈಯವರೇ ಆದ ಪಾರ್ಸಿ ವಾಡಿಯಾ ಮನೆತನದವರು.

● ಆ ಹಡಗಿನಲ್ಲಿ ಐದೂವರೆ ದಿನಕ್ಕಾಗುವಷ್ಟು ಕಲ್ಲಿದ್ದಲಿಗೆ ಮಾತ್ರ ಜಾಗವಿತ್ತು. ದಾರಿಯಲ್ಲಿದ್ದ ಏಡನ್ ಬಂದರು ಮುಟ್ಟಲು ಬೇಕಾದದ್ದು ಹನ್ನೊಂದು ದಿನ! ಪ್ರಯಾಣಿಕರ ಕೋಣೆಗಳಿಗೂ ಕಲ್ಲಿದ್ದಲು ತುಂಬಿದರು. ಏಡನ್ ಸೇರಿದಾಗ ಉಳಿದದ್ದು ಆರು ಗಂಟೆಗಾಗುವಷ್ಟು.

● ಹ್ಯೂ ಲಿಂಡ್ಸೆಯಂಥ ಪ್ಯಾಡಲ್ ಸ್ಟೀಮರ್‌ನ ಎರಡೂ ಪಕ್ಕ ಹಲಗೆ ಜೋಡಿಸಿದ ದೊಡ್ಡ ಚಕ್ರಗಳಿರುತ್ತಿದ್ದವು. ಕಡಲಲ್ಲಿ ಹಡಗು ವಾಲಿದರೆ ಒಂದು ಚಕ್ರ ನೀರಲ್ಲಿ ಮುಳುಗಿ, ಇನ್ನೊಂದು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಆಳವಿಲ್ಲದ ನದಿಗಳಿಗೆ ಮಾತ್ರ ಇವು ಹೇಳಿ ಮಾಡಿಸಿದಂತಿದ್ದವು.

● 1833ರಲ್ಲಿ ಮುಂಬೈಯಲ್ಲಿ ‘ಇಂಡಸ್’ ಎಂಬ ಪುಟ್ಟ ಹಡಗನ್ನು ನೀರಿಗಿಳಿಸಿದ ಎಂಜಿನಿಯರ್ ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಈ ಗೌರವ ಪಡೆದ ಮೊದಲ ಭಾರತೀಯ ಅವರೇ. ಗಣಿತಜ್ಞ ರಾಮಾನುಜನ್ ಅವರಿಗೆ ಇದು ಸಿಕ್ಕಿದ್ದು 1918ರಲ್ಲಿ.

● ರೈಲು ಕಂಪನಿಯದೇ ಸ್ವಂತ ಸ್ಟೀಮರ್‌ಗಳೂ ಇದ್ದವು! ಸಿಂಧ್ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1861ರಲ್ಲಿ ಕರಾಚಿ–ಕೋಟ್ರಿ ರೈಲು ಶುರುವಾಯಿತು. ಕೋಟ್ರಿಯಲ್ಲಿ ಇಳಿದವರು ಅದೇ ಕಂಪನಿಯ ಸ್ಟೀಮರ್ ಹತ್ತಿ ಸಿಂಧೂ ನದಿಯಲ್ಲಿ ಮುಲ್ತಾನಿನ ಕಡೆಗೆ ಹೋಗುತ್ತಿದ್ದರು. 1878ರಲ್ಲಿ ನದಿಯುದ್ದಕ್ಕೂ ಹಳಿ ಬಿತ್ತು, ಸ್ಟೀಮರ್‌ಗಳಿಗೆ ಕೆಲಸ ತಪ್ಪಿತು.

● ಬಿಹಾರದ ಮೊಕಾಮಾ ಘಾಟ್‌ನಲ್ಲೂ ಗಂಗೆ ದಾಟಲು ರೈಲ್ವೆ ಸ್ಟೀಮರ್‌ಗಳೇ ಗತಿಯಾಗಿದ್ದವು. ಅಲ್ಲಿ ಬ್ರಾಡ್‌ಗೇಜ್ ಮತ್ತು ಮೀಟರ್‌ಗೇಜ್ ನಡುವೆ ಸರಕು ಸಾಗಿಸುವ ಗುತ್ತಿಗೆ ಹಿಡಿದಿದ್ದವರು ಯಾರು ಗೊತ್ತೇ? ನರಭಕ್ಷಕ ಹುಲಿಗಳ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್! 1959ರಲ್ಲಿ ಅಲ್ಲಿ ಗಂಗೆಗೆ ರಾಜೇಂದ್ರ ಸೇತುವೆ ಬಂತು.

● ಪಂಜಾಬ್ ಮೇಲ್ 1912ರಲ್ಲಿ ಶುರುವಾದಾಗ ಹೊರಡುತ್ತಿದ್ದದ್ದು ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್‌ನಿಂದ. ಇಂಗ್ಲೆಂಡಿನ ಹಡಗಿಳಿದವರು ಅಲ್ಲೇ ರೈಲು ಹತ್ತಿ ಪೇಶಾವರದವರೆಗೂ ಹೋಗಬಹುದಿತ್ತು.

● ಬ್ರಿಟನ್ನಿನ ರೈಲ್ವೆ ಕಂಪನಿಯೊಂದು 1947ರಲ್ಲಿ ಓಡಿಸತೊಡಗಿದ ‘ವೇವರ್ಲಿ’ ಪ್ಯಾಡಲ್ ಸ್ಟೀಮರ್ 1974ರಲ್ಲಿ ಹಡಗುಪ್ರಿಯರ ಸಂಘಕ್ಕೆ ಮಾರಾಟವಾಯಿತು. ಬೆಲೆ? ಬರೀ ಒಂದು ಪೌಂಡ್!

● ಮಂಗಳೂರಿಗೆ 1907ರಲ್ಲೇ ರೈಲು ಬಂದಿದ್ದರೂ ಅದು ಮದರಾಸಿನ ದಿಕ್ಕಿನದು. ಹಾಗಾಗಿ ಕರಾವಳಿಯ ಎಷ್ಟೋ ಮಂದಿ ಮುಂಬೈ ಸೇರಿದ್ದು ಹಡಗಿನಲ್ಲೇ. ನೇರ ದಾರಿ ಸಿಕ್ಕಿದ್ದು 1998ರಲ್ಲಿ, ಕೊಂಕಣ ರೈಲ್ವೆಯಿಂದ. ಈಗ ಹಡಗಿನ ಕೆಲಸವನ್ನೂ ರೈಲೇ ಮಾಡುತ್ತಿದೆ: ರಾಯಗಡದ ಕೋಲಾಡ್‌ನಲ್ಲಿ ವ್ಯಾಗನ್ ಹತ್ತಿದ ಲಾರಿ ಸರಕು ಸಮೇತ ಸುರತ್ಕಲ್‌ನಲ್ಲಿ ಇಳಿಯುತ್ತದೆ.