ಧೂಮಕೇತು ಕ್ಲಿಕ್ ಮಾಡೋದು ಹೇಗೆ?

ಪ್ರಕಾಶಮಾನ ಧೂಮಕೇತು ಬಂದರೆ ನಿಮ್ಮ ಮೊಬೈಲ್‌ಗೂ ಸಿಗುತ್ತೆ. ಹೇಗೆ? ನೋಡಿ.

2024ರ ಅಕ್ಟೋಬರ್‌ನಲ್ಲಿ ಬಂದಿದ್ದ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ನೆನಪಿದೆಯಾ? ತಿಂಗಳ ಶುರುವಿನಲ್ಲಿ ಬೆಳಗಿನ ಜಾವ ಪೂರ್ವಕ್ಕೆ, ತಿಂಗಳ ಮಧ್ಯದಲ್ಲಿ ಸಂಜೆ ಪಶ್ಚಿಮಕ್ಕೆ ಕಂಡಿತ್ತು. ಧೂಮಕೇತು ಚೆನ್ನಾಗಿ ಹೊಳೆಯೋದು ಸೂರ್ಯನ ಹತ್ತಿರ ಇದ್ದಾಗ. ಅದಕ್ಕೇ ದಿಗಂತದ ಬಳಿ ಹುಡುಕಬೇಕು. ಊರಾಚೆ, ಆ ದಿಕ್ಕಿಗೆ ಮರ, ಕಟ್ಟಡ ಅಡ್ಡ ಬರದ ಜಾಗ ಹಿಡೀರಿ.

ಟ್ರೈಪಾಡ್ ಬೇಕೇ ಬೇಕು. ಪ್ರೊ ಮೋಡ್ ತೆರೀರಿ. ಐಎಸ್‌ಒ 800ರಿಂದ 1600, ಶಟರ್ 5ರಿಂದ 10 ಸೆಕೆಂಡ್, ಫೋಕಸ್ ಅನಂತಕ್ಕೆ. ಆಕಾಶ ತೀರಾ ಬೆಳ್ಳಗೆ ಬಂದರೆ ಸೆಕೆಂಡ್ ಇಳಿಸಿ. ಟೈಮರ್ ಹಾಕಿದರೆ ಬೆರಳು ತಾಗಿ ಫೋನ್ ಅಲುಗಾಡಲ್ಲ.

ಫುಲ್‌ಫ್ರೇಮ್ ಕ್ಯಾಮೆರಾ ಇದ್ದರೆ 500ನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 50 ಎಂಎಂಗೆ 10 ಸೆಕೆಂಡ್. ಅದು ಮೀರಿದರೆ, ಭೂಮಿ ತಿರುಗ್ತಿರೋದರಿಂದ, ನಕ್ಷತ್ರಗಳು ಗೆರೆ ಎಳೆಯುತ್ತವೆ.

ಫ್ರೇಮ್‌ನಲ್ಲಿ ಮೇಲ್ಗಡೆ ಜಾಗ ಬಿಡಿ. ಬಾಲ ಚಾಚೋದು ಸೂರ್ಯನಿಂದ ಆಚೆಗೆ. ಸೂರ್ಯ ದಿಗಂತದ ಕೆಳಗಿದ್ದರೆ ಬಾಲ ಮೇಲಕ್ಕೆ.

ಒಂದೇ ಫೋಟೋಗೆ ನಿಲ್ಲಿಸಬೇಡಿ. ಹತ್ತಿಪ್ಪತ್ತು ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಸೇರಿಸಿ: ನಾಯ್ಸ್ ಇಳಿಯುತ್ತೆ, ಬಾಲ ಎದ್ದು ಕಾಣುತ್ತೆ.

ರೀಲ್ ಸೇವ್ ಮಾಡ್ಕೊಳ್ಳಿ, ಮುಂದಿನ ಧೂಮಕೇತುವಿಗೆ ಬೇಕಾಗುತ್ತೆ!