ಪುಟ್ಟ ಕೈಕಾಲು: ಅಳತೆಯೇ ಹೊರತು ಕಾಯಿಲೆಯಲ್ಲ

ಸೊರಬ ಕಡೆಯ ಹಳ್ಳಿಯೊಂದರಿಂದ ತಾಯಿ-ಮಗಳು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮಗಳಿಗೆ ಇಪ್ಪತ್ತಾರು ವರ್ಷ. ಜ್ವರವಿಲ್ಲ, ನೋವಿಲ್ಲ. ತಾಯಿಯೇ ಮಾತು ಶುರುಮಾಡಿದರು: "ಡಾಕ್ಟ್ರೇ, ಇವಳ ಕೈಕಾಲು ಚಿಕ್ಕ ಮಕ್ಕಳ ಥರ ಉಳಿದುಬಿಟ್ಟಿದೆ. ನೋಡೋಕೆ ಬಂದ ಗಂಡಿನ ಕಡೆಯವರು, ಇಷ್ಟು ಚಿಕ್ಕ ಕಾಲಿನವಳಿಗೆ ಹೆರಿಗೆ ಸಲೀಸಾಗಿ ಆಗುತ್ತಾ ಅಂತ ಕೇಳಿ ಹೋದ್ರು. ಕಾಲು ಬೆಳೆಯೋ ಟಾನಿಕ್ ಇದ್ರೆ ಬರೆದುಕೊಡಿ." ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಕಾಲಿನಲ್ಲಿ ಹುಡುಗರು ಶಾಲೆಗೆ ಹಾಕುವ ಕ್ಯಾನ್ವಾಸ್ ಬೂಟು ಇತ್ತು.

ಇಂಥ ಪ್ರಶ್ನೆಯನ್ನು ಶಿಕಾರಿಪುರ, ಸೊರಬದ ಕಡೆಯಿಂದ ಬರುವ ಗಂಡಸರೂ ಸಂಕೋಚದಿಂದ ಕೇಳುವುದುಂಟು. ಆದ್ದರಿಂದ ಈ ವಾರ ಇದೇ ವಿಷಯ.

ಮೊದಲು ಅಳತೆ ಮಾಡಿ

ಕೈಕಾಲು ಚಿಕ್ಕದು ಎನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ವಯಸ್ಕರ ಪಾದದ ಉದ್ದ ಸಾಮಾನ್ಯವಾಗಿ ಅವರ ಎತ್ತರದ ಶೇ 15ರಷ್ಟು ಇರುತ್ತದೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗಿನ ಕೈ ಉದ್ದ ಎತ್ತರದ ಶೇ 10ರಿಂದ 11ರಷ್ಟು. ಒಂದಿಷ್ಟು ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಆ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಎತ್ತರ 148 ಸೆಂಟಿಮೀಟರ್, ಪಾದ 21.5, ಕೈ 15.5. ಲೆಕ್ಕ ಹಾಕಿದರೆ ಪಾದ ಶೇ 14.5, ಕೈ ಶೇ 10.5. ಅಂದರೆ ಅವಳ ಕೈಕಾಲು ಅವಳ ಮೈಕಟ್ಟಿಗೆ ತಕ್ಕಂತೆಯೇ ಇದ್ದವು. ಅವಳ ತಾಯಿಯ ಪಾದವೂ ಅಷ್ಟೇ ಚಿಕ್ಕದು! ಹೀಗೆ ಮನೆತನದಿಂದ ಬಂದ ಪುಟ್ಟ ಕೈಕಾಲು ಮೂಗಿನ ಆಕಾರದಂತೆ, ಕೂದಲಿನ ಬಣ್ಣದಂತೆ ಒಂದು ಲಕ್ಷಣ ಮಾತ್ರ. ಬಳೆ ಅಂಗಡಿಯಲ್ಲಿ ಎರಡು-ಎರಡರ ಬಳೆ ಕೇಳುವವರು (ಒಳ ಅಗಲ ಸುಮಾರು 54 ಮಿಲಿಮೀಟರ್) ಎಷ್ಟೋ ಮಂದಿ ಇದ್ದಾರೆ. ಅವರೆಲ್ಲ ರೋಗಿಗಳಲ್ಲ.

ಟಾನಿಕ್ಕಿನಿಂದ ಬೆಳೆಯುತ್ತದೆಯೇ?

ಇಲ್ಲ. ಮಕ್ಕಳ ಮೂಳೆಯ ತುದಿಗಳ ಬಳಿ ಮೃದ್ವಸ್ಥಿಯ ಪದರಗಳಿರುತ್ತವೆ. ಮೂಳೆ ಉದ್ದವಾಗುವುದು ಅಲ್ಲಿಯೇ. ಹರೆಯ ಮುಗಿಯುವ ಹೊತ್ತಿಗೆ ಈ ಪದರಗಳು ಗಟ್ಟಿ ಮೂಳೆಯಾಗಿ ಮುಚ್ಚಿಕೊಳ್ಳುತ್ತವೆ. ಪಾದದ ಬೆಳವಣಿಗೆಯಂತೂ ಎತ್ತರಕ್ಕಿಂತ ಮೊದಲೇ ನಿಲ್ಲುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಹೆಣ್ಣುಮಕ್ಕಳ ಪಾದದ ಬೆಳವಣಿಗೆ ಸುಮಾರು 11ನೇ ವಯಸ್ಸಿಗೆ, ಗಂಡುಮಕ್ಕಳದು 15-16ರ ಹೊತ್ತಿಗೆ ತುದಿ ಮುಟ್ಟುತ್ತದೆ ಎಂದು ಅದರಿಂದ ತಿಳಿದುಬಂತು.

ಆದ್ದರಿಂದ ಇಪ್ಪತ್ತು ದಾಟಿದವರ ಕೈಕಾಲು ಉದ್ದ ಮಾಡುವ ಪುಡಿ, ಮಾತ್ರೆ, ಎಣ್ಣೆ ಯಾವುದೂ ಇಲ್ಲ. ಅಂಥ ಜಾಹೀರಾತಿಗೆ ಹಣ ಸುರಿಯಬೇಡಿ. ಆದರೆ ಶಾಲೆಗೆ ಹೋಗುವ ಮಗು ಓರಗೆಯವರಿಗಿಂತ ತೀರಾ ಕುಳ್ಳಗೆ ಉಳಿದಿದ್ದರೆ ಕಾಯುತ್ತ ಕೂರಬಾರದು. ಬೆಳವಣಿಗೆಯ ಹಾರ್ಮೋನು ಅಥವಾ ಥೈರಾಯ್ಡ್ ಕೊರತೆ ಇದ್ದರೆ, ಪದರಗಳು ಮುಚ್ಚುವ ಮೊದಲೇ ಚಿಕಿತ್ಸೆ ಆಗಬೇಕು.

ಹೆರಿಗೆಗೂ ಪಾದಕ್ಕೂ ಏನು ಸಂಬಂಧ?

ಗಂಡಿನ ಕಡೆಯವರ ಸಂದೇಹ ನಮ್ಮ ಊರಿನದು ಮಾತ್ರವಲ್ಲ. ಬೂಟಿನ ಅಳತೆ ನೋಡಿ ಸೊಂಟದ ಎಲುಬಿನ ಅಗಲ ಊಹಿಸುವ ಪದ್ಧತಿ ಬ್ರಿಟನ್ನಿನ ವೈದ್ಯರಲ್ಲಿಯೂ ಇತ್ತು. 1988ರಲ್ಲಿ ಅಲ್ಲಿ ಪ್ರಕಟವಾದ ಒಂದು ಅಧ್ಯಯನ ಚೊಚ್ಚಲು ಬಸುರಿಯರನ್ನು ಪರೀಕ್ಷಿಸಿ, ಹೆರಿಗೆ ಹೇಗಾಗುತ್ತದೆ ಎಂದು ಮುಂದಾಗಿ ಹೇಳಲು ಬೂಟಿನ ಅಳತೆ ಉಪಯೋಗಕ್ಕೆ ಬಾರದು ಎಂದು ತೋರಿಸಿತು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯ ಎತ್ತರ 140 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಹೆಚ್ಚಿನ ನಿಗಾ ಇಡುತ್ತಾರೆ. ಅದೂ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ ಎಂಬ ಮುನ್ನೆಚ್ಚರಿಕೆಗೆ, ಮದುವೆ ತಪ್ಪಿಸುವುದಕ್ಕಲ್ಲ. ಪಾದ ನೋಡಿ ಹೆಣ್ಣನ್ನು ನಿರಾಕರಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ.

ಯಾವಾಗ ಪರೀಕ್ಷೆ ಬೇಕು?

ಚಿಕ್ಕ ಕೈಕಾಲಿನ ಜೊತೆಗೆ ಬೇರೆ ಲಕ್ಷಣವೂ ಇದ್ದರೆ ವೈದ್ಯರಿಗೆ ತೋರಿಸಬೇಕು. ಮುಖ್ಯವಾದವು ಇವು:

ಒಂದು, ಮುಷ್ಟಿ ಬಿಗಿದಾಗ ಉಂಗುರ ಬೆರಳಿನ ಅಥವಾ ಕಿರುಬೆರಳಿನ ಗೆಣ್ಣು ಇರುವ ಕಡೆ ಗುಳಿ ಬೀಳುವುದು. ಕೆಲವು ಮನೆತನಗಳಲ್ಲಿ ಇದು ನಿರುಪದ್ರವಿ. ಆದರೆ ಹುಡುಗಿ ಕುಳ್ಳಗಿದ್ದು, ಮುಟ್ಟು ಶುರುವಾಗದೇ ಇದ್ದರೆ ಟರ್ನರ್ ಎಂಬ ವರ್ಣತಂತುವಿನ ದೋಷವನ್ನು ನೋಡಬೇಕು. ಕೈಬೆರಳು ಸೆಟೆದುಕೊಳ್ಳುವುದು, ಫಿಟ್ಸ್ ಬರುವುದು ಇದ್ದರೆ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಆಗಬೇಕು.

ಎರಡು, ಕೂಸಾಗಿದ್ದಾಗ ಮೈ ಬತ್ತಿಯಂತೆ ಸಡಿಲವಾಗಿದ್ದು ಹಾಲು ಚೀಪದೆ, ನಂತರ ಎಷ್ಟು ತಿಂದರೂ ಹಸಿವು ಹಿಂಗದೆ ಬೊಜ್ಜು ಬರುವುದು. ಪ್ರೇಡರ್-ವಿಲ್ಲಿ ಎಂಬ ಅಪರೂಪದ ಸ್ಥಿತಿಯಲ್ಲಿ ಇದರೊಂದಿಗೆ ಕೈಕಾಲೂ ಚಿಕ್ಕದಿರುತ್ತವೆ.

ಮೂರು, ಒಂದೇ ಕಾಲು ಅಥವಾ ಒಂದೇ ಕೈ ಚಿಕ್ಕದಿರುವುದು. ಹಿಂದೆ ಪೋಲಿಯೊ ಬಂದವರಲ್ಲಿ, ಹುಟ್ಟಿನಿಂದ ಪಾದ ತಿರುಚಿಕೊಂಡವರಲ್ಲಿ ಹೀಗಾಗುತ್ತದೆ.

ನಾಲ್ಕು, ಮೊದಲು ಸರಿಯಿದ್ದ ಬೆರಳು ಬರಬರುತ್ತ ಮೊಂಡಾಗುವುದು. ಇದು ಎಂದೂ ಸಹಜವಲ್ಲ. ಜೊತೆಗೆ ಸ್ಪರ್ಶಜ್ಞಾನ ಇಲ್ಲದ ಮಚ್ಚೆ ಇದ್ದರೆ ಕುಷ್ಠರೋಗ ಇರಬಹುದು. ಅದರ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗ ಪೂರ್ತಿ ಗುಣವಾಗುತ್ತದೆ, ಆದರೆ ಸವೆದ ಬೆರಳು ಮರಳಿ ಬರುವುದಿಲ್ಲ. ತಡಮಾಡಬಾರದು.

ಐದು, ಕುಳ್ಳು ಮೈಕಟ್ಟಿನ ಜೊತೆ ಸೊಂಟದ ಕೀಲು ನೋವು, ವಾಲಾಡುವ ನಡಿಗೆ. ನಮ್ಮ ಜಿಲ್ಲೆಯವರಿಗೆ ಇಲ್ಲಿ ಹಂದಿಗೋಡು ಕಾಯಿಲೆ ನೆನಪಾಗುತ್ತದೆ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಇದು ಗಮನಕ್ಕೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ತಿಂದದ್ದು ಕಾರಣವೇ ಎಂದು ಮೊದಲು ಅನುಮಾನಪಟ್ಟರು. ಮುಂದಿನ ಅಧ್ಯಯನಗಳು ಇದು ವಂಶಪಾರಂಪರ್ಯವಾದ ಮೂಳೆ-ಕೀಲುಗಳ ದೋಷ ಎಂದು ತೋರಿಸಿದವು. ತಂದೆ-ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ಕೀಲು ನೋವಿಲ್ಲದೆ ಆರಾಮಾಗಿ ಓಡಾಡುವ ಪುಟ್ಟ ಕಾಲಿನವರನ್ನು ಕಂಡು ಈ ಕಾಯಿಲೆಯ ಹೆಸರು ಹೇಳಿ ಹೆದರಿಸುವುದು ತಪ್ಪು.

ರೋಗ ಅಥವಾ ವಂಶವಾಹಿ ದೋಷದಿಂದ ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಕುಬ್ಜತೆ ಎಂದು ಗುರುತಿಸಿದೆ. ಅಂಥವರು ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಮಾಣಪತ್ರದ ಬಗ್ಗೆ ವಿಚಾರಿಸಬೇಕು.

ನಿಜವಾದ ತೊಂದರೆ ಎಲ್ಲಿದೆ?

ಪುಟ್ಟ ಕೈಕಾಲಿನವರನ್ನು ನಾನು ಹೆಚ್ಚಾಗಿ ನೋಡುವುದು ಅವರ ಅಳತೆಗಾಗಿ ಅಲ್ಲ, ಅಳತೆಗೆ ಹೊಂದದ ವಸ್ತುಗಳಿಂದಾದ ಗಾಯಕ್ಕಾಗಿ.

ಅಂಗಡಿಯಲ್ಲಿ ಸಿಗುವುದೆಲ್ಲ ದೊಡ್ಡದಾದಾಗ, ಬೂಟಿನ ತುದಿಗೆ ಹತ್ತಿ ತುರುಕಿ ಹಾಕಿಕೊಳ್ಳುತ್ತಾರೆ. ಕಾಲು ಒಳಗೆ ಜಾರಾಡಿ ಬೊಕ್ಕೆ ಏಳುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದೇ ಬೊಕ್ಕೆ ಮಾಯದ ಹುಣ್ಣಾಗಬಹುದು. ಇನ್ನು ಗಂಬೂಟು. ಸೈಜು ಸಿಗಲಿಲ್ಲವೆಂದು ಬರಿಗಾಲಿನಲ್ಲಿ ಗದ್ದೆಗೆ, ಕಾಡಿಗೆ ಹೋಗುವವರಿದ್ದಾರೆ. ಹಾವಿನ ಭಯ ಒಂದು ಕಡೆ, ಇಲಿ ಜ್ವರ ಇನ್ನೊಂದು ಕಡೆ. ಮಂಗನ ಕಾಯಿಲೆಯನ್ನಂತೂ ಹೇಳಬೇಕಾಗಿಯೇ ಇಲ್ಲ. 1957ರಲ್ಲಿ ಅದು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಸೊರಬ ತಾಲ್ಲೂಕಿನಲ್ಲಿಯೇ. ಉಣುಗು ಕಚ್ಚದಂತೆ ಕಾಲು ಮುಚ್ಚಿಕೊಳ್ಳುವುದು ಇಲ್ಲಿ ಪ್ರಾಣದ ಪ್ರಶ್ನೆ.

ಏನು ಮಾಡಬೇಕು?

ಸಂಜೆಯ ಹೊತ್ತು, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು ಎರಡೂ ಪಾದಗಳ ಗುರುತು ಹಾಕಿಸಿ. ದೊಡ್ಡ ಪಾದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಳ್ಳಿ. ಬೆರಳ ತುದಿಯಾಚೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರುವ ಪಾದರಕ್ಷೆ ಸರಿ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಮಕ್ಕಳ ಸೈಜು 13ಕ್ಕೆ ಮುಗಿದು ಮತ್ತೆ 1ರಿಂದ ಎಣಿಕೆ ಶುರುವಾಗುತ್ತದೆ. ಒಂದೊಂದು ಸೈಜಿಗೆ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಆದ್ದರಿಂದ ಹುಡುಗರ ವಿಭಾಗದಲ್ಲಿ 1ರಿಂದ 3ರವರೆಗಿನ ಬೂಟು, ಗಂಬೂಟು ಕೇಳಲು ನಾಚಿಕೊಳ್ಳಬೇಡಿ. ಅಗಲ ಸಾಲದಿದ್ದರೆ ಚಪ್ಪಲಿ ಹೊಲಿಯುವವರಲ್ಲಿ ಅಳತೆ ಕೊಟ್ಟು ಮಾಡಿಸಿ. ಬಾಣಂತಿಯರು ಮತ್ತೊಮ್ಮೆ ಅಳೆಸಬೇಕು. ಬಸುರಿನಲ್ಲಿ ಪಾದ ಕೊಂಚ ಚಪ್ಪಟೆಯಾಗಿ ಉದ್ದವಾಗುವುದುಂಟು.

ಕೈಗೂ ಇದೇ ಮಾತು. ಕುಡುಗೋಲು, ಗುದ್ದಲಿಯ ಹಿಡಿಯನ್ನು ಹಿಡಿದಾಗ ಹೆಬ್ಬೆರಳು ತೋರುಬೆರಳನ್ನು ತಾಗಬೇಕು. ತಾಗದಷ್ಟು ದಪ್ಪವಿದ್ದರೆ ಸಂಜೆಗೆ ಮಣಿಕಟ್ಟು, ಹೆಬ್ಬೆರಳ ಬುಡ ನೋಯುತ್ತದೆ. ಬಡಗಿಯಿಂದ ಹಿಡಿಯನ್ನು ಹೆರೆಸಿಕೊಳ್ಳಿ. ಸ್ಕೂಟರ್, ಬೈಕಿನ ಬ್ರೇಕ್ ಲಿವರಿಗೆ ಬೆರಳು ಸಲೀಸಾಗಿ ಎಟುಕುತ್ತದೆಯೇ ಎಂದು ಮೆಕ್ಯಾನಿಕ್ಕಿನಲ್ಲಿ ತೋರಿಸಿ ಸರಿಮಾಡಿಸಿ. ದೊಡ್ಡ ಕೊಡವನ್ನು ಒಂದೇ ಕೈಯಲ್ಲಿ ಎತ್ತುವುದಕ್ಕಿಂತ ಎರಡು ಚಿಕ್ಕ ಕೊಡ ಒಳ್ಳೆಯದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಆರನೇ ನಂಬರಿನ ಗ್ಲೌಸ್ ಸಿಗುತ್ತದೆ, ಕೇಳಿ ಪಡೆಯಬೇಕು.

ಆ ತಾಯಿ-ಮಗಳಿಗೆ ನಾನು ಯಾವ ಔಷಧಿಯನ್ನೂ ಬರೆಯಲಿಲ್ಲ. ರಕ್ತ ಕಡಿಮೆ ಇದೆಯೇ ಎಂದು ಒಂದು ಪರೀಕ್ಷೆ ಮಾಡಿಸಿ, ಚೀಟಿಯಲ್ಲಿ ಪಾದದ ಅಳತೆ ಬರೆದುಕೊಟ್ಟೆ. "ಮತ್ತೆ ಗಂಡಿನ ಕಡೆಯವರು ಕೇಳಿದರೆ?" ಎಂದರು ತಾಯಿ. "ಡಾಕ್ಟರು ಅಳೆದು ನೋಡಿದ್ದಾರೆ, ಕಾಲು ಸರಿಯಾಗಿದೆ ಅಂತ ಹೇಳಿ ಅಮ್ಮಾ" ಎಂದೆ. ನಿಮ್ಮ ಮನೆಯಲ್ಲೂ ಇಂಥ ಪುಟ್ಟ ಕೈಕಾಲಿನವರಿದ್ದರೆ ಹಾಸ್ಯ ಮಾಡುವುದನ್ನು ನಿಲ್ಲಿಸಿ. ಮೇಲೆ ಹೇಳಿದ ಐದು ಲಕ್ಷಣಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಇದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಲ್ಲದಿದ್ದರೆ ಕಾಲಿಗೆ ಹೊಂದುವ ಒಂದು ಜೊತೆ ಒಳ್ಳೆಯ ಚಪ್ಪಲಿ ಕೊಡಿಸಿದರೆ ಸಾಕು.