ಜೆನ್ನಿ ಲಿಂಡ್: ಮೌನದಿಂದ ಮರಳಿದ ಕಂಠ

ಐರೋಪ್ಯರ ಆಪೆರಾ ಎಂಬುದು ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ನಾಟಕ. ಹತ್ತಾರು ವಾದ್ಯಗಳ ಮೇಳಘೋಷವನ್ನು ಯಾವ ಯಂತ್ರದ ನೆರವೂ ಇಲ್ಲದೆ ಮೀರಿ ರಂಗಮಂದಿರದ ಕಟ್ಟಕಡೆಯ ಆಸನದವರೆಗೆ ದನಿಯನ್ನು ಮುಟ್ಟಿಸಬೇಕಾದ ಅದರ ಗಾಯಕಿಯರಲ್ಲಿ, ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ಸಂಚರಿಸಬಲ್ಲವಳನ್ನು ಸೊಪ್ರಾನೊ ಎನ್ನುವರು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಂಥ ಗಾಯಕಿಯರ ನಡುವೆ ಅಸಾಧಾರಣ ಕೀರ್ತಿಗೆ ಪಾತ್ರಳಾದವಳು ಸ್ವೀಡನ್ನಿನ ಜೆನ್ನಿ ಲಿಂಡ್.

1820ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಡತನದೊಳಗೆ ಜನಿಸಿದ ಈಕೆ, ಇನ್ನೂ ಬಾಲಿಕೆಯಾಗಿದ್ದಾಗಲೇ ರಾಜರಂಗಭೂಮಿಯ ಶಾಲೆಯನ್ನು ಸೇರಿ, 1838ರಲ್ಲಿ ವೇಬರ್ ರಚಿಸಿದ ‘ಡೆರ್ ಫ್ರೈಶುಟ್ಸ್’ ಎಂಬ ಕೃತಿಯ ನಾಯಿಕೆಯಾಗಿ ರಂಗವನ್ನೇರಿ, ಒಂದೇ ರಾತ್ರಿಯಲ್ಲಿ ಪುರಜನರ ಕಣ್ಮಣಿಯಾದಳು. ಆದರೆ ಎಳೆಯ ಕಂಠಕ್ಕೆ ಹೊರಿಸಿದ ಭಾರ ವಿಪರೀತವಾಗಿತ್ತು; ಶಾಸ್ತ್ರಶುದ್ಧವಾದ ಉಸಿರಿನ ಶಿಕ್ಷಣವಿಲ್ಲದೆ ಋತುವಿನಿಂದ ಋತುವಿಗೆ ಹಾಡಿ ಹಾಡಿ, 1841ರಲ್ಲಿ ಪ್ಯಾರಿಸಿನ ಮಹಾಗುರು ಮಾನುಯೆಲ್ ಗಾರ್ಸಿಯಾನ ಮುಂದೆ ಆಕೆ ನಿಂತಾಗ ದನಿ ಬಹುಮಟ್ಟಿಗೆ ಒಡೆದುಹೋಗಿತ್ತು. ಕಂಠನಾಳವನ್ನು ಕನ್ನಡಿಯಿಂದ ಕಾಣುವ ವಿಧಾನವನ್ನು ಮುಂದೆ ಲೋಕಕ್ಕೆ ತೋರಿಸಿಕೊಟ್ಟವನು ಈ ಗಾರ್ಸಿಯಾನೇ. ಆತ ಒಡನೆಯೇ ಪಾಠವನ್ನು ಹೇಳಲಿಲ್ಲ; ಕೆಲವು ವಾರ ಹಾಡಲೇಕೂಡದೆಂದೂ, ಮಾತನ್ನೂ ಮಿತವಾಗಿ ಆಡಬೇಕೆಂದೂ ವಿಧಿಸಿ ಕಳುಹಿಸಿದನು. ಇಡೀ ರಾಜಧಾನಿಯ ಕರತಾಡನವನ್ನು ಕಂಡು ಬಂದ ಇಪ್ಪತ್ತರ ಹರೆಯದವಳು ಆ ಆಜ್ಞೆಯನ್ನು ಶಿರಸಾವಹಿಸಿದ್ದು ಸಾಮಾನ್ಯವಾದ ಮಾತಲ್ಲ. ಅನಂತರ ಸ್ವರಸಾಧನೆಯನ್ನು ಮೊದಲ ಮೆಟ್ಟಿಲಿನಿಂದ ಹೊಸದಾಗಿ ಆರಂಭಿಸಿ, ಮರುವರ್ಷ ತನ್ನೂರಿಗೆ ಹಿಂದಿರುಗಿದಳು. ‘ಸ್ವೀಡನ್ನಿನ ನೈಟಿಂಗೇಲ್’ ಎಂದು ಜಗತ್ತು ಕೊಂಡಾಡಿದ್ದು ಹೀಗೆ ಕಟ್ಟಿಕೊಂಡ ಕಂಠವನ್ನೇ ಹೊರತು ಹುಟ್ಟಿನೊಡನೆ ಬಂದುದನ್ನಲ್ಲ.

ಬರ್ಲಿನ್, ವಿಯೆನ್ನಾ, ಲಂಡನ್ನುಗಳ ದಿಗ್ವಿಜಯವನ್ನು ವಿಸ್ತರಿಸಬೇಕಾದುದಿಲ್ಲ. ಸಂಗೀತರಚನಕಾರ ಮೆಂಡೆಲ್‌ಸನ್ನನು ತನ್ನ ‘ಎಲೈಜಾ’ ಎಂಬ ಗಾಯನಕೃತಿಯ ಸೊಪ್ರಾನೊ ಭಾಗವನ್ನು ಈಕೆಯ ದನಿಯನ್ನೇ ಮನಸ್ಸಿನಲ್ಲಿಟ್ಟು ರಚಿಸಿದನು; ಆತನು ಅಕಾಲದಲ್ಲಿ ತೀರಿಕೊಂಡ ಮೇಲೆ, 1848ರಲ್ಲಿ ಅದನ್ನು ಲಂಡನ್ನಿನಲ್ಲಿ ಹಾಡಿ, ಆತನ ಹೆಸರಿನ ವಿದ್ಯಾರ್ಥಿವೇತನಕ್ಕೆ ಆಕೆ ಧನಸಂಗ್ರಹ ಮಾಡಿದಳು. ವಿಸ್ಮಯವೆಂದರೆ, 1849ರಲ್ಲಿ, ಇನ್ನೂ ಇಪ್ಪತ್ತೆಂಟರಲ್ಲಿಯೇ, ಆಪೆರಾ ರಂಗಕ್ಕೆ ವಿದಾಯ ಹೇಳಿ ಕಛೇರಿಗಳಿಗೆ ಮಾತ್ರ ಕಂಠವನ್ನು ಮೀಸಲಿಟ್ಟಳು.

ಮರುವರ್ಷ ಅಮೆರಿಕೆಯ ಪ್ರದರ್ಶನವ್ಯಾಪಾರಿ ಬಾರ್ನಮ್, ಆಕೆಯ ಹಾಡನ್ನು ಒಮ್ಮೆಯೂ ಕೇಳದೆಯೇ, ಕಛೇರಿಯೊಂದಕ್ಕೆ 1,000 ಡಾಲರಿನಂತೆ 150 ಕಛೇರಿಗಳಿಗೆ ಒಪ್ಪಂದ ಮಾಡಿಕೊಂಡನು. ನ್ಯೂಯಾರ್ಕಿನಲ್ಲಿ ಟಿಕೆಟ್ಟುಗಳು ಹರಾಜಿಗೆ ಬಂದು, ಮೊದಲನೆಯದನ್ನು ಟೋಪಿವ್ಯಾಪಾರಿಯೊಬ್ಬ 225 ಡಾಲರಿಗೆ ಕೊಂಡನು. ಸಂಗೀತಕ್ಕಿಂತ ಟೋಪಿಗಳಿಗೆ ಆ ಬೆಲೆ ಹೆಚ್ಚು ಪ್ರಚಾರ ತಂದಿತೆಂದು ಬೇರೆ ಹೇಳಬೇಕೆ! ಈ ಸಂತೆಯ ಸದ್ದು ಆಕೆಗೆ ಹಿಡಿಸಲಿಲ್ಲ. 1851ರಲ್ಲಿ ಒಪ್ಪಂದವನ್ನು ಅರ್ಧದಲ್ಲಿಯೇ ಕಡಿದುಕೊಂಡು ಸ್ವತಂತ್ರವಾಗಿ ಹಾಡಿದಳು. ಆ ಸಂಪಾದನೆಯ ಬಹುಭಾಗ ದಾನಧರ್ಮಗಳಿಗೆ, ವಿಶೇಷವಾಗಿ ಸ್ವದೇಶದ ಶಾಲೆಗಳಿಗೆ, ಸಂದಿತು. ತನಗೆ ಪಿಯಾನೊ ಸಹಕಾರ ನೀಡುತ್ತಿದ್ದ ಓಟೊ ಗೋಲ್ಡ್‌ಷ್ಮಿಟ್‌ನನ್ನು 1852ರಲ್ಲಿ ವರಿಸಿ, ಮುಂದೆ ಇಂಗ್ಲೆಂಡಿನಲ್ಲಿ ನೆಲಸಿದಳು.

ಆಕೆಯ ಪ್ರಸಿದ್ಧಿಯ ಕಾಲದಲ್ಲಿ ಧ್ವನಿಮುದ್ರಣವಿರಲಿಲ್ಲವಾಗಿ ಆ ನಾದ ನಮಗೆ ಉಳಿದಿಲ್ಲ; ಉಳಿದುದು ಶಿಷ್ಯಪರಂಪರೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ 1883ರಲ್ಲಿ ಆರಂಭವಾದಾಗ ಅಲ್ಲಿ ಗಾಯನದ ಪ್ರಾಧ್ಯಾಪಿಕೆಯಾದ ಜೆನ್ನಿ ಲಿಂಡ್ 1887ರಲ್ಲಿ ಮಾಲ್ವರ್ನಿನಲ್ಲಿ ನಿಧನಳಾದಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 1894ರಲ್ಲಿ ಆಕೆಯ ಸ್ಮಾರಕವನ್ನು ಸ್ಥಾಪಿಸಿದರು.